ಪ್ರಶ್ನೋತ್ತರ: ಯೇಸು ಬೇಕು, ಸಭೆ ಸಾಕಾಗಿದೆ ಅನ್ನುವವರಿಗೆ

ಈ ಸಲ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಕ್ರೈಸ್ತ ಓದುಗರ ಪತ್ರಗಳೇ ಹೆಚ್ಚು. ಯೇಸುವನ್ನು ಬಿಡಲು ಮನಸ್ಸಿಲ್ಲ, ಸಭೆಯಲ್ಲಿ ಕೂರಲು ಆಗುತ್ತಿಲ್ಲ ಅನ್ನುವುದು ಬಹುತೇಕರ ದುಗುಡ. ಬರೆದವರ ಹೆಸರು, ಸಭೆಯ ಹೆಸರು ತೆಗೆದು ಊರಿನ ಹೆಸರಷ್ಟೇ ಉಳಿಸಿದ್ದೇವೆ.

ಸಿಂಧನೂರಿನಿಂದ: ನಮ್ಮ ಸಭೆ ಮೊದಲು ಒಬ್ಬರ ಮನೆಯೊಳಗೆ ನಡೀತಿತ್ತು. ಈಗ ದೊಡ್ಡ ಶೆಡ್ಡು, ಲೈಟು, ಡ್ರಮ್ಸು, ಯೂಟ್ಯೂಬ್ ಲೈವ್. ಸಾಕ್ಷಿ ಅಂದರೆ ಬೈಕು ಬಂತು, ಸೈಟು ಬಂತು ಅನ್ನೋರದ್ದೇ. ಭತ್ತ ನೆಲಕಚ್ಚಿ ಸಾಲಗಾರರಾದವರಿಗೆ ಮೈಕು ಸಿಗಲ್ಲ. ಆರಾಧನೆಯಲ್ಲಿ ಎಲ್ಲರೂ ಅಳ್ತಾರೆ, ನನಗೆ ಏನೂ ಅನಿಸಲ್ಲ. ನನ್ನ ನಂಬಿಕೆಯೇ ಸುಳ್ಳಾ?

ಅಳು ಬರಲಿಲ್ಲ ಅಂದರೆ ನಂಬಿಕೆ ಇಲ್ಲ ಎಂದಲ್ಲ. ಮುಚ್ಚಿದ ಶೆಡ್ಡಿನೊಳಗೆ ಒಂದೇ ಸಾಲನ್ನು ಹತ್ತು ಹದಿನೈದು ಸಲ ಹಾಡಿಸಿ, ಕೀಬೋರ್ಡಿನ ಶ್ರುತಿ ಮೆಲ್ಲಗೆ ಏರಿಸಿ, ಬೇಸ್ ಎದೆಗೆ ಬಡಿಯುವ ಹಾಗೆ ಬಿಟ್ಟರೆ ಆರ್ಕೆಸ್ಟ್ರಾದಲ್ಲೂ ಜನರ ಕಣ್ಣು ಒದ್ದೆಯಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ಪವಿತ್ರಾತ್ಮನ ಗುರುತು ಎಂದು ಹೇಳಲಾಗದು. ಮತ್ತಾಯ 7:22-23 ತೆಗೆದು ನೋಡಿ. ಪ್ರವಾದನೆ ಹೇಳಿದವರು, ದೆವ್ವ ಬಿಡಿಸಿದವರು, ಅದ್ಭುತ ಮಾಡಿದವರು ಸಾಲಾಗಿ ಬಂದು ನಿಂತಾಗ, ನಿಮ್ಮ ಗುರುತೇ ನನಗಿಲ್ಲ ಅನ್ನುತ್ತಾನೆ ಯೇಸು. ಅಷ್ಟೆಲ್ಲ ಮಾಡಿದವರ ಸ್ಥಿತಿಯೇ ಹೀಗಿರುವಾಗ ಕಣ್ಣೀರಿನ ಲೆಕ್ಕ ಯಾಕೆ?

ನಿಮ್ಮ ಪತ್ರದಲ್ಲಿ ಗದ್ದಲದ ದೂರೂ ಇದೆ, ಬೋಧನೆಯ ದೂರೂ ಇದೆ. ಎರಡನ್ನೂ ಬೇರೆ ಮಾಡಿಕೊಳ್ಳಿ. ಡ್ರಮ್ಸು ರುಚಿಯ ಮಾತು; ಅದೊಂದಕ್ಕೇ ಸಭೆ ಬಿಟ್ಟವರು ಮುಂದಿನ ಸಭೆಯಲ್ಲಿ ಹಾರ್ಮೋನಿಯಂ ಬಗ್ಗೆ ಗೊಣಗುತ್ತಾರೆ. ತೂಗಿ ನೋಡಬೇಕಾದದ್ದು ಬೋಧನೆಯನ್ನು. ಬೆರೋಯದ ಜನ ಪೌಲನಂಥವನ ಮಾತನ್ನೂ ದಿನಾ ಶಾಸ್ತ್ರ ತೆಗೆದು ತಾಳೆ ನೋಡಿದರು, ಅದಕ್ಕಾಗಿ ಅವರಿಗೆ ಹೊಗಳಿಕೆಯೇ ಸಿಕ್ಕಿದೆ (ಅಪೊಸ್ತಲರ ಕೃತ್ಯಗಳು 17:11).

ನಾಲ್ಕು ಭಾನುವಾರ ಒಂದು ಸಣ್ಣ ನೋಟ್‌ಬುಕ್ ಒಯ್ಯಿರಿ. ಪ್ರಸಂಗಕ್ಕೆ ತೆಗೆದ ವಾಕ್ಯ ಯಾವುದು, ಎಷ್ಟು ವಚನ ಓದಿದರು, ಯೇಸುವಿನ ಶಿಲುಬೆ, ಪುನರುತ್ಥಾನದ ಮಾತು ಬಂತೋ ಇಲ್ಲವೋ, ಕೊನೆಗೆ ಕೇಳುವವರಿಂದ ಏನು ಕೇಳಿದರು, ಇಷ್ಟು ಬರೆದುಕೊಳ್ಳಿ. ಮನೆಗೆ ಬಂದು ಆ ವಚನದ ಹಿಂದಿನ ಅಧ್ಯಾಯ, ಮುಂದಿನ ಅಧ್ಯಾಯ ಓದಿ. ನಾಲ್ಕೂ ವಾರ ಒಂದೊಂದೇ ವಚನ ಕಿತ್ತು ತಂದು, ಕೊನೆಗೆ ಹಣವನ್ನೋ ಆಶೀರ್ವಾದವನ್ನೋ ಕುರಿತೇ ಮುಗಿದಿದ್ದರೆ ನಿಮ್ಮ ಬೇಸರಕ್ಕೆ ಕಾರಣ ಸಿಕ್ಕಿತು.

ಒಂದು ಉದಾಹರಣೆ ನೋಡೋಣ. ಡಿಸೆಂಬರ್ 31ರ ರಾತ್ರಿ ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಯೆರೆಮೀಯ 29:11 ತಪ್ಪದೆ ಇರುತ್ತದೆ: ನಿಮಗಾಗಿ ನಾನು ಮಾಡಿಕೊಂಡಿರುವ ಆಲೋಚನೆ ಹಿತದ್ದೇ ಹೊರತು ಅಹಿತದ್ದಲ್ಲ ಎಂಬ ಮಾತು. ಇದು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ. ಅದರ ಹಿಂದಿನ ವಚನದಲ್ಲೇ 70 ವರ್ಷ ಅಲ್ಲೇ ಇರಬೇಕು ಎಂದಿದೆ. ಅಂದರೆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಬಹಳ ಮಂದಿ ಊರಿಗೆ ಮರಳುವ ದಿನ ನೋಡದೆಯೇ ಸತ್ತಿರಬೇಕು. 5ರಿಂದ 7ನೇ ವಚನದಲ್ಲಿ ಮನೆ ಕಟ್ಟಿರಿ, ತೋಟ ಮಾಡಿರಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕೇ ಪ್ರಾರ್ಥಿಸಿರಿ ಎಂದಿದೆ. ಇನ್ನೂ ಹಿಂದೆ ಹೋಗಿ 28ನೇ ಅಧ್ಯಾಯ ಓದಿದರೆ ಹನನ್ಯ ಅನ್ನುವ ಪ್ರವಾದಿ ಸಿಗುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲಿ ಜನರ ಮುಂದೆ ಸಾರಿದವನು ಅವನು. ಜನಕ್ಕೆ ಬೇಕಾಗಿದ್ದದ್ದೂ ಆ ಮಾತೇ. ಅದು ಸುಳ್ಳೆಂದು ಯೆರೆಮೀಯ ಮುಖಕ್ಕೇ ಹೇಳಿದ, ಹನನ್ಯ ಅದೇ ವರ್ಷ ಸತ್ತ. ಈಗ ಆ ಕಾರ್ಡಿನ ವಚನವನ್ನು ಇನ್ನೊಮ್ಮೆ ಓದಿ. ಭತ್ತ ನೆಲಕಚ್ಚಿದವನಿಗೂ ಹೇಳಬಹುದಾದ ಮಾತು ಅದು. ಸೈಟು ಸಿಕ್ಕವರ ಸಾಕ್ಷಿಗೆ ಅದನ್ನು ಅಂಟಿಸಿದ್ದು ನಮ್ಮ ಕಾಲದ ಹನನ್ಯರು.

ಮನೆಯಲ್ಲಿ ಓದಲು ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ದಿನಕ್ಕೊಂದು, ಬಾಯಿಬಿಟ್ಟು ಓದಬೇಕು. ಮೊಬೈಲಿನಲ್ಲಿ ಓದಿದರೆ ಮಧ್ಯೆ ವಾಟ್ಸಾಪ್ ಬಂದೇ ಬರುತ್ತದೆ, ಪುಸ್ತಕವೇ ಇರಲಿ. ಕೊನೆಯ ಅಧ್ಯಾಯದಲ್ಲಿ 9ರಿಂದ 20ರವರೆಗಿನ ವಚನಗಳು ಅತಿ ಹಳೆಯ ಎರಡು ಹಸ್ತಪ್ರತಿಗಳಲ್ಲಿ ಇಲ್ಲ, ಅದಕ್ಕೇ ಅನೇಕ ಅನುವಾದಗಳಲ್ಲಿ ಅಲ್ಲಿ ಕಂಸವೋ ಟಿಪ್ಪಣಿಯೋ ಇರುತ್ತದೆ. ಹಾವು ಹಿಡಿಯುವುದು, ವಿಷ ಕುಡಿದರೂ ಏನೂ ಆಗದು ಎಂಬ ಮಾತು ಬರುವುದು ಆ ಭಾಗದಲ್ಲೇ. ಅದರ ಮೇಲೆ ಯಾರಾದರೂ ಇಡೀ ಬೋಧನೆ ಕಟ್ಟಿದರೆ ಎಚ್ಚರ ಇರಲಿ.

ಪ್ರಾರ್ಥನೆಯಲ್ಲಿ ಏನೂ ಅನಿಸದ ದಿನ ಕೀರ್ತನೆ 13 ಸಾಕು, ಆರೇ ವಚನ. ಎಷ್ಟು ದಿನ ಮರೆತಿರುತ್ತೀ ಎಂಬ ಜಗಳದಿಂದಲೇ ಅದು ಶುರುವಾಗುತ್ತದೆ. ಅದೂ ಆಗದಿದ್ದರೆ 88. ಅದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಸಾಲೂ ಇಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಹೀಗೆ ಗೋಳು ಹೇಳಿಕೊಂಡವು. ಸಾಲಗಾರನಿಗೆ ಮೈಕು ಕೊಡದ ಸಭೆ ಸತ್ಯವೇದದ (ಬೈಬಲಿನ) ಅಷ್ಟು ಪುಟಗಳನ್ನು ಮುಚ್ಚಿಟ್ಟಿದೆ.

ಗಂಗಾವತಿಯಿಂದ: ನಮ್ಮ ಮನೆಯವರು ಅಕ್ಕಿ ಗಿರಣ್ಯಾಗ ಹಮಾಲಿ. ವಾರ ವಾರ ಸಂಘದ ಕಂತು ಕಟ್ಟಬೇಕು. ದಶಮಾಂಶ ಕೊಡಲಿಲ್ಲಂದ್ರ ದೇವರದ್ದು ಕದ್ದಂಗ, ಮನಿಗೆ ಶಾಪ ಅಂತಾರ. ಸಂಘದಿಂದ ತಂದ 40,000 ರೂಪಾಯಿ ಸಾಲದಾಗೂ 4,000 ಕೊಟ್ಟೀನಿ. ಲೆಕ್ಕ ಕೇಳಿದ್ದಕ್ಕ ಅಭಿಷಿಕ್ತರನ್ನ ಮುಟ್ಟಬ್ಯಾಡ್ರಿ ಅಂದ್ರು.

ಸಾಲ ಆದಾಯವಲ್ಲ ತಾಯಿ. ಅದರಲ್ಲಿ ಹತ್ತನೇ ಒಂದು ಪಾಲು ಕೊಡಬೇಕೆಂದು ಸತ್ಯವೇದದಲ್ಲಿ ಎಲ್ಲೂ ಇಲ್ಲ. ನೀವು ಕೊಟ್ಟ ಆ 4,000ಕ್ಕೂ ವಾರ ವಾರ ಬಡ್ಡಿ ಕಟ್ಟುತ್ತಿದ್ದೀರಿ. ಇನ್ನು ಮುಂದೆ ಸಾಲದ ಹಣದಿಂದ ಒಂದು ರೂಪಾಯಿಯನ್ನೂ ಕಾಣಿಕೆಗೆ ತೆಗೆಯಬೇಡಿ.

ಶಾಪದ ಮಾತು ಬಂದದ್ದು ಮಲಾಕಿಯ 3:8-10ರಿಂದ. ಆದರೆ ಆ ಪುಸ್ತಕದ 1ನೇ, 2ನೇ ಅಧ್ಯಾಯದಲ್ಲಿ ಬೈಗುಳ ಬಿದ್ದಿರುವುದು ಯಾಜಕರಿಗೆ. ಕುಂಟ ಕುರಿ, ರೋಗದ ಕುರಿ ಅರ್ಪಿಸಿ ದೇವರ ಹೆಸರು ಕೆಡಿಸಿದವರು ಅವರು. ದಶಮಾಂಶ ಎಲ್ಲಿಗೆ ಹೋಗಬೇಕಿತ್ತು ಎಂಬುದು ಧರ್ಮೋಪದೇಶಕಾಂಡ 14:22-29ರಲ್ಲಿ ಬಿಡಿಸಿ ಬರೆದಿದೆ. ಕೊಟ್ಟವರ ಮನೆಯವರೇ ದೇವರ ಸನ್ನಿಧಿಯಲ್ಲಿ ಅದನ್ನು ಊಟ ಮಾಡಿ ಸಂತೋಷಪಡಬೇಕು, ಮೂರನೇ ವರ್ಷದ್ದನ್ನು ಊರಲ್ಲೇ ಇಟ್ಟು ದೇವಾಲಯದ ಸೇವೆಯ ಲೇವಿಯರಿಗೆ, ಪರದೇಶಿಗೆ, ತಂದೆತಾಯಿ ಇಲ್ಲದವರಿಗೆ, ವಿಧವೆಯರಿಗೆ ಕೊಡಬೇಕು. ಆ ಲೆಕ್ಕದಲ್ಲಿ ಕಂತಿನ ಬಾಯಿಗೆ ಸಿಕ್ಕ ನಿಮ್ಮ ಮನೆ ಪಡೆಯುವ ಕಡೆ ಇರಬೇಕಿತ್ತು.

ಭಂಡಾರಕ್ಕೆ ತನ್ನಿರಿ ಎಂದು ಮಲಾಕಿಯ ಹೇಳುತ್ತಾನಲ್ಲ, ಅಂಥ ಭಂಡಾರದ ಉಸ್ತುವಾರಿ ಹೇಗಿತ್ತೆಂದು ನೆಹೆಮೀಯ 13:13ರಲ್ಲಿ ನೋಡಿ. ಒಬ್ಬ ಯಾಜಕ, ಒಬ್ಬ ಲಿಪಿಕಾರ, ಒಬ್ಬ ಲೇವಿಯ, ಅವರ ಕೈಕೆಳಗೆ ಇನ್ನೊಬ್ಬ. ನಾಲ್ಕು ಜನ, ನಂಬಿಗಸ್ತರೆಂದು ಹೆಸರಾದವರು. ಪೌಲನೂ ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣವನ್ನು ತಾನೊಬ್ಬನೇ ಮುಟ್ಟಲಿಲ್ಲ. ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗೆ ಕಳಿಸಿದ, ಯಾರೂ ಬೆರಳು ತೋರಿಸಬಾರದು ಎಂದು (2 ಕೊರಿಂಥ 8:18-21). ಅದೇ ಅಧ್ಯಾಯದ 12ನೇ ವಚನವನ್ನು ನಿಮ್ಮ ಮನೆ ಗೋಡೆಗೆ ಬರೆದುಕೊಳ್ಳಿ: ಇದ್ದದ್ದರ ಪ್ರಕಾರ ಕೊಟ್ಟರೆ ಸಾಕು, ಇಲ್ಲದ್ದರ ಪ್ರಕಾರ ಅಲ್ಲ.

ಅಭಿಷಿಕ್ತರನ್ನು ಮುಟ್ಟಬೇಡಿ ಎಂಬುದು ಕೀರ್ತನೆ 105:15. ಅಬ್ರಹಾಮ, ಇಸಾಕ, ಯಾಕೋಬರು ನೆಲೆಯಿಲ್ಲದೆ ಅಲೆಯುವಾಗ ಅವರಿಗೆ ಕೇಡು ಮಾಡಬೇಡಿ ಎಂದು ಅರಸರಿಗೆ ಕೊಟ್ಟ ಎಚ್ಚರಿಕೆ ಅದು. ಲೆಕ್ಕ ಕೇಳಿದ ಬಡವಿಗೆ ಹೇಳಿದ್ದಲ್ಲ. ಅರಸ ದಾವೀದನೂ ಅಭಿಷೇಕ ಆದವನೇ, ಪ್ರವಾದಿ ನಾತಾನ ಅವನ ಮುಂದೆ ನಿಂತು ತಪ್ಪು ಮಾಡಿದ ಆ ಮನುಷ್ಯ ನೀನೇ ಎಂದ.

ಇನ್ನು ಲೆಕ್ಕ ಕೇಳುವ ರೀತಿ. ಒಬ್ಬರೇ ಹೋಗಬೇಡಿ, ಎರಡು ಮೂರು ಮನೆಯವರು ಸೇರಿ ವಾರದ ದಿನ ಹೋಗಿ. ಭಾನುವಾರ ಎಲ್ಲರ ಮುಂದೆಯಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಕೇಳಿದರೆ ಮಾತು ಮಾನದ ಜಗಳಕ್ಕೆ ತಿರುಗಿ ಲೆಕ್ಕ ಹಿಂದೆ ಬೀಳುತ್ತದೆ. ಒಂದು ಹಾಳೆಯಲ್ಲಿ ಆರೇ ಪ್ರಶ್ನೆ ಬರೆದುಕೊಡಿ: ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ, ಎಷ್ಟು ಜನರ ಸಹಿ ಬೇಕು, ಕಾಣಿಕೆ ಎಣಿಸುವವರು ಯಾರು, ಪಾಸ್ಟರ್ ಸಂಬಳ ಎಷ್ಟು, ಅದನ್ನು ನಿಗದಿ ಮಾಡುವವರು ಯಾರು, ಕಳೆದ ವರ್ಷದ ಆಡಿಟ್ ವರದಿ ತೋರಿಸುತ್ತೀರಾ. ಉತ್ತರಕ್ಕೆ ಒಂದು ತಿಂಗಳು ಬಿಡಿ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಹಣ ಹಾಕುವ ಮೊದಲೇ ಖಾತೆಯ ಹೆಸರು ಕಾಣುತ್ತದೆ. ಸಭೆಯ ಅಥವಾ ಟ್ರಸ್ಟಿನ ಹೆಸರು ಬರಬೇಕಾದ ಕಡೆ ಪಾಸ್ಟರ್ ಮಗನ ಹೆಸರು ಬಂದರೆ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಸರಿಯಾಗಿ ನಡೆಯುವ ಕಡೆ ಆರಾಧನೆ ಮುಗಿದ ಕೂಡಲೇ, ಒಂದೇ ಮನೆಯವರಲ್ಲದ ಇಬ್ಬರು ಕೂತು ಎಣಿಸಿ, ಯಾವ ನೋಟು ಎಷ್ಟು ಎಂದು ಚೀಟಿಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಟುತ್ತಾರೆ. ಎಲ್ಲರೂ 80ಜಿ ಅನ್ನುವ ತೆರಿಗೆ ರಿಯಾಯಿತಿ ಇಲ್ಲ ಎಂದಷ್ಟಕ್ಕೆ ಅನುಮಾನ ಬೇಡ. ಒಂದೇ ಧರ್ಮದವರಿಗಾಗಿ ಇರುವ ಸಂಸ್ಥೆಗೆ ಅದು ಸಿಗುವುದಿಲ್ಲ.

ಒಂದು ಮಾತು ಪಾಸ್ಟರುಗಳ ಪರವಾಗಿಯೂ ಹೇಳಬೇಕು. ನಿಗದಿ ಸಂಬಳ ಇಲ್ಲದೆ, ಸ್ವಂತ ಪೆಟ್ರೋಲು ಹಾಕಿಕೊಂಡು ಹಳ್ಳಿ ಹಳ್ಳಿ ಸುತ್ತುವ ಸೇವಕರು ಇದೇ ಜಿಲ್ಲೆಗಳಲ್ಲಿದ್ದಾರೆ. ಸುವಾರ್ತೆ ಸಾರುವವರ ಜೀವನ ಅದರಿಂದಲೇ ನಡೆಯಬೇಕೆಂದು 1 ಕೊರಿಂಥ 9:14 ಹೇಳುತ್ತದೆ. ಹೆಚ್ಚಿನವರು ಲೆಕ್ಕ ತೋರಿಸದಿರುವುದು ಕದ್ದಿದ್ದಕ್ಕಲ್ಲ, ಬರೆದಿಡುವ ರೂಢಿಯೇ ಇಲ್ಲದ್ದಕ್ಕೆ. ಅಂಥವರಿಗೆ ಒಂದು ಕ್ಯಾಶ್ ಬುಕ್ ಕೊಂಡುಕೊಟ್ಟು, ಬರೆಯಲು ಪಿಯುಸಿ ಓದಿದ ಹುಡುಗಿಯೊಬ್ಬಳನ್ನು ಕೂರಿಸಿ. ಕೇಳಿದ್ದಕ್ಕೆ ಶಾಪ ಹಾಕುವವರ ಸಂಗತಿ ಬೇರೆ. ಅಲ್ಲಿಂದ ಎದ್ದು ಬನ್ನಿ, ಶಾಪ ಹಿಂದೆ ಬರುವುದಿಲ್ಲ.

ಮಾನ್ವಿಯಿಂದ: ಅವ್ವನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ನಡೀತಿದೆ. ಉಪವಾಸ ಕೂಟದಲ್ಲಿ ಸ್ವಸ್ಥತೆ ಆಯ್ತು ಅಂತ ಹೇಳಿ ಇಂಜೆಕ್ಷನ್ ಬಿಡಿಸಿದ್ದಾರೆ. ಬೇಡ ಅಂದರೆ ನನಗೇ ಅವಿಶ್ವಾಸಿ ಅಂತಾರೆ.

ಇವತ್ತೇ ಅವರನ್ನು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಉಳಿದ ಮಾತು ಆಮೇಲೆ. ಇನ್ಸುಲಿನ್ ಬೇಕೇ ಬೇಕಾದವರು ಬಿಟ್ಟರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗುತ್ತದೆ: ವಿಪರೀತ ದಾಹ, ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿಗೆ ಹಣ್ಣಿನಂಥ ವಾಸನೆ, ಕೊನೆಗೆ ಪ್ರಜ್ಞೆ ತಪ್ಪುವುದು. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ 108ಕ್ಕೆ ಫೋನ್ ಮಾಡಿ ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡುವುದಾದರೆ ಡಾಕ್ಟರನ್ನು ಕೇಳದೆ ಮಾಡಬಾರದು. ಮಾತ್ರೆ, ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಕುಸಿದು ಬಿದ್ದುಹೋಗುತ್ತಾರೆ.

ರೋಗಿಗಾಗಿ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದು ಯಾಕೋಬ 5:14 ಹೇಳುತ್ತದೆ, ಮದ್ದು ಬಿಡಿ ಎಂದು ಹೇಳುವುದಿಲ್ಲ. ಪೌಲನ ಜೊತೆಯವನಾದ ಲೂಕ ವೈದ್ಯ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ತ್ರೊಫಿಮನನ್ನು ಕಾಯಿಲೆ ವಾಸಿಯಾಗದೆ ಮಿಲೇತದಲ್ಲೇ ಬಿಟ್ಟುಬಂದ (2 ತಿಮೊಥೆ 4:20). ಹಾಗಾದರೆ ಪೌಲನೂ ಅವಿಶ್ವಾಸಿಯೇ ಎಂದು ಅವರನ್ನು ಕೇಳಿ. ನಿಜಕ್ಕೂ ವಾಸಿಯಾಗಿದ್ದರೆ ಡಾಕ್ಟರ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಕುಷ್ಠರೋಗಿಯನ್ನು ಗುಣಪಡಿಸಿದ ಯೇಸುವೇ, ಹೋಗಿ ಯಾಜಕನಿಗೆ ತೋರಿಸು ಎಂದು ಕಳಿಸಿದ್ದ.

ತೋರಣಗಲ್ಲಿನಿಂದ: ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ತಿಂಗಳಿಗೆ ಒಂದು ಭಾನುವಾರ ಸಿಕ್ಕರೆ ಹೆಚ್ಚು. ಮೊಬೈಲಿನಲ್ಲಿ ಲೈವ್ ನೋಡಿದರೆ ಸಾಲದೇ?

ಕೇಳಿಸಿಕೊಳ್ಳಲು ಸಾಕು, ಸಭೆ ಅನ್ನಿಸಿಕೊಳ್ಳಲು ಸಾಲದು. ಲೈವ್‌ನಲ್ಲಿ ನಿಮ್ಮ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ನಿಮ್ಮ ಮನೆಯಲ್ಲಿ ಜ್ವರ ಬಂದದ್ದೂ ಗೊತ್ತಾಗುವುದಿಲ್ಲ. ನಿಮ್ಮಂಥವರೇ ನಾಲ್ಕರಿಂದ ಆರು ಜನ ಸೇರಿ ಒಬ್ಬರ ಕ್ವಾರ್ಟರ್ಸ್‌ನಲ್ಲಿ ಮುಕ್ಕಾಲು ಗಂಟೆ ಕೂರಿ. ಶಿಫ್ಟ್ ವಾರ ವಾರ ಬದಲಾಗುವುದರಿಂದ ದಿನ ಒಂದೇ ಇಟ್ಟುಕೊಂಡು ಹೊತ್ತು ಎರಡು ಇಟ್ಟುಕೊಳ್ಳಿ: ಬೆಳಗಿನ ಶಿಫ್ಟಿನವರಿಗೆ ಸಂಜೆ, ಮಧ್ಯಾಹ್ನದ ಶಿಫ್ಟಿನವರಿಗೆ ಬೆಳಿಗ್ಗೆ ಹತ್ತರ ಸುಮಾರಿಗೆ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಮಲಗಲು ಬಿಡಿ. ಪೌಲನ ಪ್ರಸಂಗದ ಮಧ್ಯೆಯೇ ತೂಕಡಿಸಿ ಯೂತಿಖ ಮೂರನೇ ಅಂತಸ್ತಿನಿಂದ ಬಿದ್ದಿದ್ದ.

ಮೊದಲ ಐದು ನಿಮಿಷ ಸುಮ್ಮನೆ ಕೂರುವುದು. ಶುರುವಿನಲ್ಲಿ ಕಷ್ಟ, ಮೂರನೇ ವಾರಕ್ಕೆ ರೂಢಿಯಾಗುತ್ತದೆ. ಆಮೇಲೆ ಒಂದು ಕೀರ್ತನೆಯನ್ನು ಸಾಲು ಬಿಟ್ಟು ಸಾಲು ಇಬ್ಬರು ಓದಿ. ಸುವಾರ್ತೆಯ 15ರಿಂದ 20 ವಚನ ಎರಡು ಸಲ, ಬೇರೆ ಬೇರೆಯವರ ಬಾಯಲ್ಲಿ. ಇಲ್ಲಿ ಏನು ನಡೆಯಿತು, ದೇವರ ಬಗ್ಗೆ ಏನು ತಿಳಿಯಿತು, ಈ ವಾರ ನಾನು ಏನು ಮಾಡಬೇಕು ಎಂದು ಮಾತಾಡಿ. ಕೊನೆಯ ಪ್ರಶ್ನೆಗೆ ಪ್ರತಿಯೊಬ್ಬರೂ ಒಂದೇ ವಾಕ್ಯದಲ್ಲಿ ಉತ್ತರಿಸಬೇಕು. ಕ್ಯಾಂಟೀನಿನಲ್ಲಿ ಜಗಳವಾಡಿದ ಮೇಸ್ತ್ರಿ ಹತ್ತಿರ ಮಾತಾಡುತ್ತೇನೆ ಅಂದವರನ್ನು ಮುಂದಿನ ವಾರ ಮಾತಾಡಿದೆಯಾ ಎಂದು ಕೇಳಬೇಕು. ಆಮೇಲೆ ಹೆಸರು ಹಿಡಿದು ಪ್ರಾರ್ಥನೆ, ಕರ್ತನ ಪ್ರಾರ್ಥನೆ, ಚಹಾ.

ಇಂಥ ಕೂಟ ಕೆಡುವುದು ಹೆಚ್ಚಾಗಿ ಒಬ್ಬರೇ ಮಾತಾಡುವುದರಿಂದ. ಅದಕ್ಕೇ ನಡೆಸುವವರು ಸರದಿಯಂತೆ ಬದಲಾಗಬೇಕು. ಬಿಟ್ಟುಬಂದ ಸಭೆಯ ದೂರು ಹೇಳುವ ಕಟ್ಟೆಯಾಗಿಯೂ ಬಹಳ ಕೂಟಗಳು ಮುಗಿದುಹೋಗುತ್ತವೆ. ಆ ಮಾತೆಲ್ಲ ಚಹಾದ ಹೊತ್ತಿಗೆ ಇರಲಿ. ಕಾಣಿಕೆ ಎತ್ತಬೇಡಿ, ಯಾರ ಮನೆಯಲ್ಲಾದರೂ ಕಷ್ಟ ಬಂದರೆ ನೇರ ಆ ಮನೆಗೆ ಕೊಡಿ. ಹತ್ತು ಜನ ದಾಟಿದರೆ ಎರಡು ಕೂಟ ಮಾಡಿ. ಕರ್ತನ ಭೋಜನದ ವಿಷಯದಲ್ಲಿ ನಿಮ್ಮ ನಿಮ್ಮ ಸಭೆಯ ಕ್ರಮ ಮೀರಬೇಡಿ. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್, ಕಥೋಲಿಕ ಸಭೆಗಳಲ್ಲಿ ದೀಕ್ಷೆ ಹೊಂದಿದ ಗುರುಗಳೇ ಅದನ್ನು ನಡೆಸಬೇಕು, ಸಹೋದರ (ಬ್ರೆದ್ರನ್) ಸಭೆಗಳಲ್ಲಿ ಹಾಗಿಲ್ಲ. ರಜೆ ಸಿಕ್ಕ ಆ ಒಂದು ಭಾನುವಾರವನ್ನು ಅದಕ್ಕೇ ಇಟ್ಟುಕೊಳ್ಳಿ. ದೇವದುರ್ಗ, ಕುಷ್ಟಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಶೆಡ್ಡಿನಲ್ಲಿರುವವರಿಗೂ ಈ ಕ್ರಮ ಒಗ್ಗುತ್ತದೆ.

ಬಳ್ಳಾರಿಯಿಂದ: ಈ ಹೊಸ ಸಭೆಗಳ ಸಹವಾಸವೇ ಬೇಡ, ಹಳೆಯ ಸಭೆಗೆ ಮರಳಿದರೆ ಸರಿಯಾದ ನಂಬಿಕೆ ಸಿಗುತ್ತದೆಯೇ?

ಹಳೆಯದು ಎಂಬ ಕಾರಣಕ್ಕೆ ಸಿಗುವುದಿಲ್ಲ. ಹಳೆಯ ಸಭೆಯಲ್ಲಿ ಡ್ರಮ್ಸು ಕಡಿಮೆ, ಕಮಿಟಿ ಚುನಾವಣೆಯ ಜಗಳ ಹೆಚ್ಚು. ಜಾತಿ ನೋಡಿ ಸಂಬಂಧ ಬೆಳೆಸುವುದು ಎರಡೂ ಕಡೆ ಇದೆ. ಆದರೂ ಅಲ್ಲಿ ಸಿಗುವ ಒಂದು ಸಂಗತಿ ಹೊಸ ಶೆಡ್ಡುಗಳಲ್ಲಿ ಅಪರೂಪ: ಓದಬೇಕಾದ ಪಾಠಗಳ ಪಟ್ಟಿ. ವಾರವಾರದ ಪಾಠ ಮೊದಲೇ ಗೊತ್ತಾಗಿರುವುದರಿಂದ ಬೋಧಕರು ತಮಗೆ ಬೇಕಾದ ವಚನವನ್ನಷ್ಟೇ ಹೆಕ್ಕಿಕೊಳ್ಳಲು ಆಗುವುದಿಲ್ಲ, ಈಸ್ಟರಿಗೆ ಮುಂಚಿನ ಶ್ರಮೆಯ ಕಾಲ ಬಂದರೆ ಶ್ರಮೆಯ ಬಗ್ಗೆ ಹೇಳಲೇಬೇಕು.

ನಿಮ್ಮ ಊರಿಗೆ ಇನ್ನೊಂದು ಹಿರಿಮೆಯೂ ಇದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತು ಅನುವಾದಕ್ಕೆ ಕೂತರು. ವಿಲಿಯಂ ರೀವ್ ಜೊತೆಗೂಡಿ ಇಡೀ ಸತ್ಯವೇದ ಕನ್ನಡದಲ್ಲಿ ಪೂರ್ತಿಯಾಗಿ ಹೊರಬಂದದ್ದು 1831ಕ್ಕೆ. ಎರಡು ದಶಕದ ಕೆಲಸ ಅದು. ಟಿವಿಯ ತೆಲುಗು ಪ್ರಸಂಗವನ್ನು ಸಾಲಿಗೆ ಸಾಲು ಕನ್ನಡಕ್ಕೆ ತಿರುಗಿಸಿ ಒಪ್ಪಿಸುವವರು ಅದರಲ್ಲಿ ಒಂದು ವಾರವನ್ನಾದರೂ ಒಂದೇ ಅಧ್ಯಾಯದ ಮುಂದೆ ಕಳೆಯಬಾರದೇ? ಆ ಮಿಷನ್ನಿನ ಸಭೆಗಳು ಮುಂದೆ 1947ರ ಸೆಪ್ಟೆಂಬರ್ 27ರಂದು ಕೂಡಿಬಂದ ದಕ್ಷಿಣ ಭಾರತ ಸಭೆಯ ಭಾಗವಾದವು. ರಾಯಚೂರು ಕಡೆಯ ಮೆಥೊಡಿಸ್ಟರು ಅಮೆರಿಕ ಮೂಲದವರು, ಆ ಐಕ್ಯಕ್ಕೆ ಸೇರಲಿಲ್ಲ. ಬಳ್ಳಾರಿಯ ಕಥೋಲಿಕ ಧರ್ಮಪ್ರಾಂತ್ಯ 1949ರದು. ಮೂರೂ ಕಡೆ ಒಂದೊಂದು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಮೇಲೆ ಹೇಳಿದ ನೋಟ್‌ಬುಕ್ ಅಲ್ಲಿಗೂ ಒಯ್ಯಿರಿ.

ಲಿಂಗಸುಗೂರಿನಿಂದ: ಸಭೆ ಬಿಡಬೇಕೆಂದು ಮನೆಯವರೆಲ್ಲ ನಿರ್ಧರಿಸಿದ್ದೇವೆ. ಮಗಳ ಮದುವೆ ಗೊತ್ತಾಗಿದೆ. ಬಿಡುವ ಮೊದಲು ಏನು ನೋಡಿಕೊಳ್ಳಬೇಕು?

ಕಾರಣವನ್ನು ಪಾಸ್ಟರ್‌ಗೆ ಎದುರು ಕೂತು ಹೇಳಿ, ಅಥವಾ ಅರ್ಧ ಪುಟದ ಪತ್ರ ಕೊಡಿ. ಜೊತೆಗೆ ನಾಲ್ಕು ಮನೆ ಎಳೆದುಕೊಂಡು ಹೋಗಬೇಡಿ. ದೀಕ್ಷಾಸ್ನಾನದ ಸರ್ಟಿಫಿಕೇಟು ಎಲ್ಲರದ್ದೂ ಕೈಗೆ ತೆಗೆದುಕೊಳ್ಳಿ, ಸೇರುವ ಸಭೆಯಲ್ಲಿ ಕೇಳುತ್ತಾರೆ. ಹಳೆಯ ಸಭೆಗಳಾದರೆ ಸದಸ್ಯತ್ವದ ವರ್ಗಾವಣೆ ಪತ್ರವೂ ಸಿಗುತ್ತದೆ. ಸ್ಮಶಾನ ಯಾವ ಸಭೆಯ ಹೆಸರಲ್ಲಿದೆ, ಹೊರಗಿನವರಿಗೆ ಜಾಗ ಕೊಡುತ್ತಾರೋ ಇಲ್ಲವೋ, ಈಗಲೇ ಕೇಳಿಕೊಳ್ಳಿ. ಸಾವಿನ ಮನೆಯಲ್ಲಿ ಕೂತು ಕೇಳುವ ಮಾತಲ್ಲ ಅದು.

ಮದುವೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಎಲ್ಲ ಪಾಸ್ಟರುಗಳೂ ಮದುವೆ ಮಾಡಿಸುವಂತಿಲ್ಲ. ಸ್ವತಂತ್ರ ಸಭೆಯವರಾದರೆ ಸರ್ಕಾರದ ಲೈಸೆನ್ಸ್ ಇದೆಯೇ ಎಂದು ಕೇಳಿ, ಅದರ ಪ್ರತಿ ನೋಡಿ. ಲೈಸೆನ್ಸ್ ಇಲ್ಲದವರು ಮಾಡಿಸಿದ ಮದುವೆಯ ಸರ್ಟಿಫಿಕೇಟು ಮುಂದೆ ಪಾಸ್‌ಪೋರ್ಟಿಗೆ, ಪಿಂಚಣಿಗೆ, ಆಸ್ತಿಯ ತಕರಾರಿಗೆ ನಿಲ್ಲುವುದಿಲ್ಲ. ಲೈಸೆನ್ಸ್ ಇರುವವರು ಸಿಗದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಅದಕ್ಕೆ 30 ದಿನದ ನೋಟಿಸ್ ಬೇಕು, ನೋಂದಣಿಯ ದಿನ ಮೂವರು ಸಾಕ್ಷಿಗಳು ಬೇಕು. ಆದ್ದರಿಂದ ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಕಚೇರಿಗೆ ಹೋಗಿಬನ್ನಿ.